ಹೊಲಿಗೆ ಉದ್ದವಾದ ಜಾಗ

ನೀವು ಅವರ ಕಣ್ಣನ್ನು ಬಳಸಿಕೊಂಡಿರಿ, ಅವರ ಮಾತನ್ನು ಗೋಡೆಗೇರಿಸಿದಿರಿ, ಅವರ ಹೆಸರನ್ನು ಮಾತ್ರ ಬಾಗಿಲಾಚೆ ನಿಲ್ಲಿಸಿದಿರಿ. ವಾಷಿಂಗ್ಟನ್ನಿನ ಆ ವಸ್ತುಸಂಗ್ರಹಾಲಯದ ಪ್ರದರ್ಶನ ವಿಭಾಗದವರ ಮೇಲೆ, ಅದರ ಸಲಹಾ ಸಮಿತಿಯಲ್ಲಿ ಕುಳಿತ ಕನ್ನಡ ಬಲ್ಲ ಸದಸ್ಯರ ಮೇಲೆ ನನ್ನ ಆಪಾದನೆ ಇಷ್ಟೇ. ಇದನ್ನು ಇಂಗ್ಲಿಷಿನಲ್ಲಿ ಐದು ಸಲ ಬರೆದು ಕಳಿಸಿದ್ದೇನೆ. ಈಗ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೋಪ ಆರಿಲ್ಲ; ಆದರೆ ಒಂದೇ ಮಾತನ್ನು ಆರನೆಯ ಸಲ ಬರೆಯುವ ಕೈಗೆ ದಣಿವಾಗಿದೆ. ಆದ್ದರಿಂದ ಈ ಸಲ ಮೊದಲು ವಾದ ಮಾಡುವುದಿಲ್ಲ. ನೀವು ಹೆಸರು ಬಿಟ್ಟ ಆ ಹೊಲಿಗೆಯವರು ಹೇಗಿದ್ದರೆಂದು ಹೇಳುತ್ತೇನೆ.

ನಾನು ಅವರನ್ನು ಮೊದಲು ಕಂಡಾಗ ಅವರ ಮಾಸ್ಕಿನ ತುಂಬ ಗುಂಡುಸೂಜಿಗಳಿದ್ದವು. ಹೊಲಿಯುವಾಗ ಸೂಜಿಗಳನ್ನು ತುಟಿಯ ಮೂಲೆಯಲ್ಲಿ ಕಚ್ಚಿಕೊಳ್ಳುವುದು ಅವರ ನಲವತ್ತು ವರ್ಷಗಳ ಅಭ್ಯಾಸ. ಸಾಂಕ್ರಾಮಿಕ ಬಂದು ಬಾಯಿ ಮುಚ್ಚಿದ ಮೇಲೆ ಸೂಜಿಗಳಿಗೆ ಜಾಗವಿಲ್ಲದಾಗಿ, ಅವನ್ನು ಮಾಸ್ಕಿನ ಮೇಲೆಯೇ ಸಾಲಾಗಿ ಚುಚ್ಚಿಕೊಂಡಿದ್ದರು. ನಕ್ಕರೆ ಆ ಸಾಲು ಅಲುಗಾಡಿ ಮಿನುಗುತ್ತಿತ್ತು. ಮುಖ ಕಾಣದ ಆ ದಿನಗಳಲ್ಲಿ ಅವರು ನಗುತ್ತಿದ್ದಾರೆಂದು ತಿಳಿಯುತ್ತಿದ್ದದ್ದು ಹಾಗೆ.

ಅದು 2021ರ ಚಳಿಗಾಲ. ವಾಷಿಂಗ್ಟನ್ನಿನ ಹೊರವಲಯದ ಗೈದರ್ಸ್‌ಬರ್ಗ್‌ನ ಒಂದು ಅಂಗಡಿಸಾಲಿನಲ್ಲಿ, ಪಿಜ್ಜಾ ಅಂಗಡಿಗೂ ಔಷಧದಂಗಡಿಗೂ ನಡುವೆ, ಕೊರಿಯಾದ ಮಹಿಳೆಯೊಬ್ಬರು ನಡೆಸುವ ಡ್ರೈಕ್ಲೀನಿಂಗ್ ಅಂಗಡಿಯಿತ್ತು. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಯಂತ್ರ, ಅದರ ಹಿಂದೆ ಅರವತ್ತು ದಾಟಿದ ಹೆಂಗಸು. ನನ್ನ ಕೋಟಿನ ಜಿಪ್ಪು ಕಿತ್ತುಹೋಗಿತ್ತು. ಸರದಿಯಲ್ಲಿ ನಿಂತು ಮೈಸೂರಿನಲ್ಲಿದ್ದ ಅಮ್ಮನೊಡನೆ ಫೋನಿನಲ್ಲಿ ಮಾತಾಡುತ್ತಿದ್ದೆ. ಫೋನು ಕೆಳಗಿಟ್ಟೊಡನೆ ಯಂತ್ರದ ಹಿಂದಿನಿಂದ ದನಿ ಬಂತು.

“ಮೈಸೂರೇನ ತಂಗಿ?”

“ಹೌದು. ನಿಮಗೆ ಹೇಗೆ ಗೊತ್ತಾಯ್ತು?”

“ಅರ್ಧ ಮಾತು ನುಂಗಿದಿ. ಉಳಿದ ಅರ್ಧ ಇಂಗ್ಲಿಷ್‌ನ್ಯಾಗ ಹೇಳಿದಿ. ಮತ್ತ್ಯಾರು ಹಂಗ ಮಾತಾಡ್ತಾರ?”

ಸೂಜಿಗಳ ಸಾಲು ಮಿನುಗಿತು. ಜಿಪ್ಪನ್ನು ಅಲ್ಲೇ ಕುಳಿತು ಹಾಕಿಕೊಟ್ಟರು.

ಅವರು ವಿಜಯಪುರದ ಕಡೆಯವರು. ಗಂಡ ತೀರಿಕೊಂಡ ಮೇಲೆ, ಇಲ್ಲಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ಮಗಳ ಬಳಿಗೆ ಬಂದವರು. ಸುಮ್ಮನೆ ಕೂರಲಾರದೆ ಅಂಗಡಿ ಸೇರಿದವರು. ಸುತ್ತಲಿನ ಕನ್ನಡದವರೆಲ್ಲ ಅವರನ್ನು ‘ಬ್ಲೌಸ್ ಆಂಟಿ’ ಎನ್ನುತ್ತಿದ್ದರು. ಪಕ್ಕದ ಕೊಲಂಬಿಯಾ ಊರಿನಿಂದ ಕಾರಿನಲ್ಲಿ ಬಂದು ಬ್ಲೌಸು ಕೊಟ್ಟುಹೋಗುವವರಿದ್ದರು. ಫೋರ್ಟ್ ಮಿಲ್ಲಿನಿಂದ, ಅಟ್ಲಾಂಟಾದಿಂದ ಪಾರ್ಸೆಲ್ ಕಳಿಸಿ, ವಿಡಿಯೊ ಕರೆಯಲ್ಲಿ ಕೈಯೆತ್ತಿ ತೋಳಿನ ಸುತ್ತಳತೆ ತೋರಿಸುವವರಿದ್ದರು. ಊರಿನಲ್ಲಿ ಹೊಲಿಸಿ ತಂದ ಬ್ಲೌಸು ಎರಡು ಚಳಿಗಾಲ ಕಳೆಯುವುದರೊಳಗೆ ಬಿಗಿಯಾಗುವುದು ಈ ದೇಶದಲ್ಲಿ ನಮ್ಮವರೆಲ್ಲರ ಪಾಡು. ಅದನ್ನು ಹಿಗ್ಗಿಸಿ ಮತ್ತೆ ಮದುವೆಮನೆಗೆ ಹೊರಡಿಸುವುದು ಆಂಟಿಯ ಕೆಲಸ. ನಾನೂ ಅವರನ್ನು ಆಂಟಿ ಎಂದೇ ಕರೆದೆ. ಮುಂದಿನ ‘ಬ್ಲೌಸ್’ ಅನ್ನು ಮಾತ್ರ ಬಿಟ್ಟೆ.

ನಾನು ಆಗ ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಇತಿಹಾಸದ ಸಂಶೋಧನಾ ವಿದ್ಯಾರ್ಥಿನಿ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ದಖ್ಖನಿನ ಅರಮನೆಗಳಲ್ಲಿ ದುಡಿದ ಸಿಂಪಿಗರು, ಅಂದರೆ ಬಟ್ಟೆ ಹೊಲಿಯುವವರು, ನನ್ನ ವಿಷಯ. ಎರಡು ವರ್ಷ ಹುಡುಕಿ ದಣಿದಿದ್ದೆ. ನಾನು ಓದಿದ ಕಡತಗಳಲ್ಲಿ ಬಟ್ಟೆಗಳ ಹೆಸರಿದ್ದವು, ಅಂಗಿಗಳ ಹೆಸರಿದ್ದವು, ತೊಟ್ಟ ದೊರೆಗಳ ಹೆಸರು ಬಿರುದುಬಾವಲಿಗಳ ಸಮೇತ ಇದ್ದವು. ಹೊಲಿದವನು ಇರಲಿಲ್ಲ. ಒಂದು ಮಧ್ಯಾಹ್ನ ಆಂಟಿಗೆ ಇದನ್ನೆಲ್ಲ ಹೇಳಿ, ನಿಮ್ಮ ಮನೆತನದಲ್ಲಿ ಯಾರಾದರೂ ಸುಲ್ತಾನರಿಗೆ ಹೊಲಿದದ್ದುಂಟೇ ಎಂದು ಕೇಳಿದೆ.

“ನಮ್ಮ ಮುತ್ತಜ್ಜ ಹೊಲದಾನ ಅಂತ ನಮ್ಮ ಮನ್ಯಾಗ ಅಂತಿದ್ರು. ಬಾಜೂ ಮನ್ಯಾಗೂ ಹಂಗ ಅಂತಿದ್ರು. ನಮ್ಮ ಓಣ್ಯಾಗ ಎಲ್ಲಾರೂ ಹಂಗ ಅಂತಿದ್ರು. ಹಂಗಾದ್ರ ಸುಲ್ತಾನ ದಿನಕ್ಕ ನೂರು ಅಂಗಿ ಹಾಕ್ಕೊಂತಿದ್ದನೇನ?”

ಇಬ್ಬರೂ ನಕ್ಕೆವು. ಆದರೆ ನಕ್ಕು ಮುಗಿಸಿ ಅವರು ಹೇಳಿದ್ದು ನನ್ನ ಪ್ರಬಂಧದ ದಿಕ್ಕನ್ನೇ ಬದಲಿಸಿತು. “ಅರಮನಿ ಸಿಂಪಿಗ ಅಂದ್ರ ನೀ ಏನ್ ತಿಳದಿ? ಜರಿ, ಮುತ್ತು, ಕಸೂತಿ? ಹೊಸಾ ಅಂಗಿ ಹಬ್ಬಕ್ಕ ಒಂದು. ಉಳಿದ ದಿನ ಹಳೇದನ್ನ ಬಿಚ್ಚೂದು, ಹಿಗ್ಗಸೂದು, ಕುಗ್ಗಸೂದು. ದೊರಿ ದಪ್ಪ ಆಗೂದಿಲ್ಲೇನ? ಜ್ವರ ಬಂದು ಸೊರಗೂದಿಲ್ಲೇನ? ಕುಂತು ಕುಂತು ಅವನ ಟೊಂಕ ಹೋಗಿರತೈತಿ. ನಿನ್ನ ಪುಸ್ತಕದಾಗ ಟೊಂಕದ ಸುದ್ದಿ ಐತೇನ?”

ಇರಲಿಲ್ಲ. ದೊರೆಯ ಮೈ ಮುಟ್ಟಿ ಅಳತೆ ತೆಗೆಯಲು ಬಿಡುತ್ತಿದ್ದರೋ ಇಲ್ಲವೋ ಎಂಬುದೂ ನನಗೆ ಗೊತ್ತಿರಲಿಲ್ಲ. ಅದನ್ನೂ ಕೇಳಿದೆ.

“ಮುಟ್ಟೂದ್ಯಾಕ? ಕಣ್ಣಾಗ ತಗೋಬೇಕು. ನೀ ಅವತ್ತ ಒಳಗ ಬಂದಾಗ ನಿನ್ನ ಎಡಗೈ ಬಲಗೈಕಿಂತ ಒಂದು ಬೆರಳು ಉದ್ದ ಐತಿ ಅಂತ ನಂಗ ಗೊತ್ತಾತು. ಹೇಳಲಿಲ್ಲ. ಈಗ ಕೇಳಿದಿ, ಹೇಳಿದೆ.”

ಮನೆಗೆ ಹೋಗಿ ಅಳೆದು ನೋಡಿಕೊಂಡೆ. ನಿಜವಾಗಿತ್ತು.

ಅವರ ಕೆಲಸಕ್ಕೆ ಎರಡು ಕಟ್ಟುಪಾಡುಗಳಿದ್ದವು. ಮೊದಲನೆಯದು, ಕತ್ತರಿಸಬಾರದು. ಎಷ್ಟೇ ಸಡಿಲವಿರಲಿ, ಹೆಚ್ಚಾದ ಬಟ್ಟೆಯನ್ನು ಒಳಕ್ಕೆ ಮಡಚಿ ಹೊಲಿಯುತ್ತಿದ್ದರೇ ಹೊರತು ಕತ್ತರಿ ಆಡಿಸುತ್ತಿರಲಿಲ್ಲ. ಮೈ ಮತ್ತೆ ಬದಲಾಗುತ್ತದೆ, ಆಗ ಬಟ್ಟೆ ಬೇಕಾಗುತ್ತದೆ ಎನ್ನುತ್ತಿದ್ದರು. ಎರಡನೆಯದು, ಮೈಯ ಗುಟ್ಟು ಹೇಳಬಾರದು. ಪ್ರತಿಯೊಂದು ಬ್ಲೌಸಿಗೂ ಒಂದು ಚೀಟಿ ಚುಚ್ಚಿರುತ್ತಿದ್ದರು. ಅದರಲ್ಲಿ ಗುಂಡನೆಯ ಕನ್ನಡ ಅಕ್ಷರಗಳಲ್ಲಿ, ತಮಗಷ್ಟೇ ಎಂಬಂತೆ ಬರೆದಿರುತ್ತಿದ್ದರು: ‘ಬಲಭುಜ ಇಳಿಜಾರು. ಹತ್ತಿ ಇಡಬೇಕು. ಹೇಳಬಾರದು.’ ಬಟ್ಟೆ ಕೊಡುವ ಮೊದಲು ಚೀಟಿಯನ್ನು ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಿದ್ದರು. ತನ್ನ ಭುಜ ಇಳಿಜಾರೆಂದು ತಿಳಿಯದೆಯೇ ಆ ಬ್ಲೌಸು ತೊಟ್ಟ ಹೆಂಗಸು ಕನ್ನಡಿಯ ಮುಂದೆ ನೆಟ್ಟಗೆ ನಿಲ್ಲುತ್ತಿದ್ದಳು.

ಮರುವರ್ಷ ನಾನು ಆ ವಸ್ತುಸಂಗ್ರಹಾಲಯದಲ್ಲಿ ಸಂಶೋಧನಾ ಸಹಾಯಕಿಯಾದೆ. ದಖ್ಖನಿನ ಆಸ್ಥಾನಗಳ ಉಡುಪುಗಳ ಪ್ರದರ್ಶನಕ್ಕೆ ಸಿದ್ಧತೆ ನಡೆದಿತ್ತು. ಅದರ ಮುಖ್ಯ ವಸ್ತು ಒಂದು ಕಸೆಯಂಗಿ. ಗುಂಡಿಗಳ ಬದಲು ಪಕ್ಕದಲ್ಲಿ ಕಸೆಗಳಿಂದ, ಎಂದರೆ ಬಟ್ಟೆಯ ಲಾಡಿಗಳಿಂದ, ಕಟ್ಟಿಕೊಳ್ಳುವ ಹದಿನೇಳನೆಯ ಶತಮಾನದ ನಿಲುವಂಗಿ. ಸುಲ್ತಾನನೊಬ್ಬ ಕನ್ನಡ ನಾಡಿನ ನಾಯಕನೊಬ್ಬನಿಗೆ ಗೌರವದ ಉಡುಗೊರೆಯಾಗಿ ಕೊಟ್ಟದ್ದೆಂದು ಅದರೊಡನೆ ಬಂದ ಕಾಗದಗಳು ಹೇಳುತ್ತಿದ್ದವು. ಬಲ ಕಂಕುಳಿನ ಕೆಳಗೆ ಸಣ್ಣ ತೂತುಗಳಿದ್ದವು. ಹುಳ ತಿಂದ ಗುರುತೆಂದು ಸಂಗ್ರಹದ ಉಸ್ತುವಾರಿ ನೋಡುವ ಕ್ಯುರೇಟರ್ ದಾಖಲೆಯಲ್ಲಿ ಬರೆದಿದ್ದರು. ನನಗೆ ಸಮಾಧಾನವಾಗಲಿಲ್ಲ. ನನಗೆ ಗೊತ್ತಿರುವ ಹೊಲಿಗೆಯವರೊಬ್ಬರನ್ನು ಕರೆತರಲೇ ಎಂದು ಕೇಳಿದೆ. ಅವರು ಒಪ್ಪಿದರು. ಈ ಮಾತನ್ನು ಒತ್ತಿ ಹೇಳುತ್ತೇನೆ: ಕ್ಯುರೇಟರ್ ಕೆಟ್ಟವರಲ್ಲ. ಆ ದಿನ ಅವರು ಆಂಟಿಗೆ ತಾವೇ ಕುರ್ಚಿ ತಂದುಕೊಟ್ಟರು.

ಆಂಟಿ ಕುರ್ಚಿಯಲ್ಲಿ ಕೂರಲಿಲ್ಲ. ಮೇಜಿನ ಮೇಲೆ ಬಾಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಮುಟ್ಟಬಾರದೆಂದು ನಾನು ದಾರಿಯುದ್ದಕ್ಕೂ ಹೇಳಿದ್ದೆ. ಆ ತೂತುಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, “ಹುಳ ಇಷ್ಟು ಸಾಲಾಗಿ ತಿಂತಾವೇನ? ಸಾಲಿಗೆ ಹೋದ ಹುಳ ಇರಬೇಕು” ಎಂದರು.

ಸಾಲಿ ಎಂದರೆ ಅವರ ಕಡೆಯ ಮಾತಿನಲ್ಲಿ ಶಾಲೆ. ನಾನು ಅನುವಾದಿಸಿದೆ. ಕ್ಯುರೇಟರ್ ನಕ್ಕರು, ನಂತರ ನಗು ನಿಲ್ಲಿಸಿ ಭೂತಗನ್ನಡಿ ತಂದರು.

ಅವು ಸೂಜಿಯ ತೂತುಗಳು. ಅಂಗಿಯ ಕಸೆಗಳು ಮೊದಲು ಬಲಕ್ಕಿದ್ದವು. ಯಾರೋ ಅವನ್ನು ಬಿಚ್ಚಿ ಎಡಕ್ಕೆ ಹಾಕಿದ್ದರು. ಆ ಕಾಲದ ಆಸ್ಥಾನಗಳಲ್ಲಿ ಮುಸಲ್ಮಾನರು ಬಲಕ್ಕೂ ಹಿಂದೂಗಳು ಎಡಕ್ಕೂ ಅಂಗಿ ಕಟ್ಟುವ ರೂಢಿಯಿತ್ತೆಂದು ನಾನು ಓದಿದ್ದೆ. ಆದರೆ ಸುಲ್ತಾನ ಕೊಟ್ಟ ಅಂಗಿಯನ್ನು ನಾಯಕ ತೊಡುವುದು ಹೇಗೆ ಎಂದು ಯೋಚಿಸಿರಲಿಲ್ಲ. ತೊಡದಿದ್ದರೆ ಕೊಟ್ಟವನಿಗೆ ಅವಮಾನ, ಇದ್ದಂತೆಯೇ ತೊಟ್ಟರೆ ತನ್ನವರ ಮುಂದೆ ಮುಜುಗರ. ಆ ಇಕ್ಕಟ್ಟನ್ನು ಬಿಡಿಸಿದವನು ಮಂತ್ರಿಯೂ ಅಲ್ಲ, ಪುರೋಹಿತನೂ ಅಲ್ಲ. ನೆಲದ ಮೇಲೆ ಕಾಲು ಮಡಚಿ ಕುಳಿತ, ಹೆಸರಿಲ್ಲದ ಒಬ್ಬ ಸಿಂಪಿಗ.

“ಕತ್ತರಿ ಹಾಕಿಲ್ಲ ನೋಡು,” ಎಂದರು ಆಂಟಿ. ಅವರ ದನಿ ತಗ್ಗಿತ್ತು. “ದೊಡ್ಡವರು ಕೊಟ್ಟದ್ದು, ಕತ್ತರಿಸಿದ್ರ ತಲಿ ಹೋಗತಿತ್ತು. ಎಲ್ಲಾ ಒಳಗ ಮಡಚ್ಯಾನ. ಎಡಕ್ಕ ಕಟ್ಟಾಕ ಬಟ್ಟಿ ಸಾಲದ ಕಡೆ ಬ್ಯಾರೆ ಬಟ್ಟಿ ಜೋಡಿಸ್ಯಾನ, ಹೊರಗ ಕಾಣದಂಗ. ನಾ ಮಾಡೂದೂ ಇದನ್ನ, ತಂಗಿ.”

ಅನಂತರ ಅವರು ಅಂಗಿಯ ಕೆಳ ಅಂಚಿನುದ್ದಕ್ಕೂ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ನಡೆದರು. ಅದರ ಸುತ್ತಳತೆ ದೊಡ್ಡದು. ಮೇಜನ್ನು ಸುತ್ತಿ ಬರಬೇಕಾಯಿತು. ಒಂದು ಕಡೆ ನಿಂತರು.

“ಇಲ್ಲಿ ಅವಂಗ ಸುಸ್ತಾಗೇತಿ.”

“ಏನಂದ್ರಿ ಆಂಟಿ?”

“ಇಲ್ಲೀತನಕ ಹೊಲಿಗಿ ಸಣ್ಣ ಸಣ್ಣ ಅದಾವ, ಎಳ್ಳಿನಂಗ. ಇಲ್ಲಿಂದ ಉದ್ದ ಆಗ್ಯಾವ. ಕೈ ಸೋತೈತಿ. ದರಬಾರು ನಾಳೆ ಐತಿ ಅಂತ ಯಾರೋ ಬಾಗಲದಾಗ ನಿಂತಾರ. ಮುಗೀತೇನೋ, ಮುಗೀತೇನೋ ಅಂತ ಕೇಳಾಕತ್ತಾರ.” ಇನ್ನೆರಡು ಹೆಜ್ಜೆ ಸರಿದು, “ಮುಂದ ನೋಡು, ಮತ್ತ ಸಣ್ಣ ಮಾಡ್ಯಾನ. ನಾಚಿಕಿ ಆಗೇತಿ ಅವಂಗ” ಎಂದರು.

ನಾನು ಮಾತುಮಾತನ್ನೂ ಅನುವಾದಿಸಿದೆ. ನಾಲ್ಕು ಶತಮಾನಗಳಷ್ಟು ಹಿಂದಿನ ಒಬ್ಬ ಮನುಷ್ಯನ ದಣಿವು ಮತ್ತು ಅವನ ಸ್ವಾಭಿಮಾನ ಒಂದು ಗೇಣು ಅಂಚಿನಲ್ಲಿತ್ತು. ನನ್ನ ಇಷ್ಟು ವರ್ಷಗಳ ಓದು ನನ್ನನ್ನು ಅಲ್ಲಿಗೆ ಒಯ್ದಿರಲಿಲ್ಲ.

ಆ ಅಂಗಿಯಲ್ಲಿ ಅವರು ಇನ್ನೊಂದನ್ನೂ ಕಂಡರು. ತೊಟ್ಟವನ ದೇಹಕ್ಕೆ ಸಂಬಂಧಿಸಿದ್ದು ಎಂದಷ್ಟೇ ಹೇಳುತ್ತೇನೆ. ಅದನ್ನು ನನ್ನ ಕಿವಿಯಲ್ಲಿ ಹೇಳಿ, “ಇದನ್ನ ಅವರಿಗೆ ಹೇಳಬ್ಯಾಡ. ಅಂವ ಮುಚ್ಚಿಟ್ಟಾನ. ನಾವು ಬಿಚ್ಚೂದು ಛಲೋ ಅಲ್ಲ” ಎಂದರು. ನಾನು ಹೇಳಲಿಲ್ಲ, ಪ್ರಬಂಧದಲ್ಲಿ ಬರೆಯಲಿಲ್ಲ, ಇಲ್ಲಿಯೂ ಬರೆಯುತ್ತಿಲ್ಲ. ನಾಯಕನ ಮೈಯ ಗುಟ್ಟನ್ನು ಇಷ್ಟು ಕಾಲದ ಮೇಲೂ ಕಾಪಾಡಿದ ಹೆಂಗಸು ಅವರು.

ಹೊರಡುವಾಗ ಕ್ಯುರೇಟರ್ ಆಂಟಿಯ ಕೈ ಹಿಡಿದು, ನಿಮ್ಮ ಹೆಸರು ಖಂಡಿತ ಗೋಡೆಯ ಮೇಲಿರುತ್ತದೆ ಎಂದರು. ನಾನು ಅನುವಾದಿಸಿದೆ. ಆಂಟಿ ತಲೆಯಾಡಿಸಿದರು. ಮನೆಗೆ ಮರಳುವಾಗ ರೈಲಿನಲ್ಲಿ ಒಂದು ಕಾಗದ ಕೇಳಿ, ತಮ್ಮ ಹೆಸರು, ತಂದೆಯ ಹೆಸರು, ಊರು, ಮೂರನ್ನೂ ಗುಂಡನೆಯ ಅಕ್ಷರಗಳಲ್ಲಿ ಬರೆದುಕೊಟ್ಟರು. “ನಮ್ಮಪ್ಪಂದೂ ಹಾಕಿದ್ರ ಹಾಕಲಿ. ಜಾಗ ಇಲ್ಲಂದ್ರ ಬ್ಯಾಡ.”

ಇಲ್ಲಿಂದ ಮುಂದೆ ನನ್ನ ಪಾಲಿನ ಮಾತು. ಅದನ್ನು ಬಿಟ್ಟು ನಿಮ್ಮನ್ನಷ್ಟೇ ದೂರಿದರೆ ನನಗೂ ನಿಮಗೂ ವ್ಯತ್ಯಾಸವಿರುವುದಿಲ್ಲ.

ಸಂಶೋಧನಾ ವರದಿಗೆ ಒಂದು ನಮೂನೆಯಿತ್ತು. ಮಾಹಿತಿ ಕೊಟ್ಟವರ ಹೆಸರಿನ ಮುಂದೆ ವೃತ್ತಿಪರ ಅರ್ಹತೆ, ಸಂಸ್ಥೆ ಎಂಬ ಎರಡು ಅಂಕಣಗಳು. ಅವು ಖಾಲಿಯಿದ್ದರೆ ಹೆಸರಿನ ಅಂಕಣವನ್ನು ಗಣಕಯಂತ್ರ ಸ್ವೀಕರಿಸುತ್ತಿರಲಿಲ್ಲ. ನಾನು ಅಂಗಡಿಗೆ ಫೋನು ಮಾಡಿದೆ.

“ಆಂಟಿ, ನಿಮ್ಮ ಕ್ವಾಲಿಫಿಕೇಷನ್ ಏನು ಅಂತ ಕೇಳ್ತಿದೆ. ಏನು ಬರೀಲಿ?”

“ಏಳನೇತ್ತ ಪಾಸು.”

“ಅದಲ್ಲ ಆಂಟಿ. ಕೆಲಸಕ್ಕೆ ಸಂಬಂಧಪಟ್ಟದ್ದು.”

“ಹಂಗಾದ್ರ ಬ್ಲೌಸ್ ಆಂಟಿ ಅಂತ ಬರಿ. ಎಲ್ಲಾರಿಗೂ ಗೊತ್ತಾಗತೈತಿ.”

ನಾನು ನಕ್ಕೆ. ಫೋನು ಇಟ್ಟ ಮೇಲೆ, ಹೆಸರಿನ ಬದಲು, ಕೊಟ್ಟಿದ್ದ ಆಯ್ಕೆಗಳ ಪಟ್ಟಿಯಿಂದ ‘ಸಮುದಾಯದ ಮಾಹಿತಿದಾರರು’ ಎಂಬುದನ್ನು ಆರಿಸಿದೆ. ಯಂತ್ರ ತಕ್ಷಣ ಸ್ವೀಕರಿಸಿತು. ಹೆಸರನ್ನು ಟಿಪ್ಪಣಿಯಲ್ಲಿ ಬರೆಯಬಹುದಿತ್ತು, ಬರೆಯಲಿಲ್ಲ. ಫಲಕ ಸಿದ್ಧವಾಗುವಾಗ ಹೇಗಿದ್ದರೂ ಸೇರಿಸುತ್ತಾರೆ, ಮಾತು ಕೊಟ್ಟಿದ್ದಾರೆ ಎಂದುಕೊಂಡೆ. ಸಿಂಪಿಗರ ಹೆಸರನ್ನು ಬರೆದಿಡದ ಅರಮನೆಯ ಕರಣಿಕರನ್ನು ನನ್ನ ಪ್ರಬಂಧದ ಮೊದಲ ಅಧ್ಯಾಯದಲ್ಲಿ ಕಟುವಾಗಿ ಟೀಕಿಸಿದ್ದೇನೆ. ಆ ಅಧ್ಯಾಯ ಬರೆದ ಕೈಯೇ ಈ ನಮೂನೆಯನ್ನೂ ತುಂಬಿತು.

ಪ್ರದರ್ಶನ ಆರಂಭವಾದ ದಿನ ಆಂಟಿ ಇಳಕಲ್ ಸೀರೆಯುಟ್ಟು ಬಂದರು. ಮಗಳು ರಜೆ ಹಾಕಿದ್ದಳು. ಶೇಡಿ ಗ್ರೋವ್‌ನಲ್ಲಿ ಮೆಟ್ರೊ ಹತ್ತಿದಾಗಿನಿಂದ ಆಂಟಿಯದು ಒಂದೇ ಪ್ರಶ್ನೆ: ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಹೇಗೆ ಬರೆದಿರುತ್ತಾರೆ?

“ಅಮ್ಮಾ, ರಿಲ್ಯಾಕ್ಸ್ ಆಗು. ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಬರೆದಿರ್ತಾರೆ,” ಎಂದಳು ಮಗಳು.

“ಪಾಸ್‌ಪೋರ್ಟ್‌ನ್ಯಾಗ ತಪ್ಪೈತಲ್ಲ.”

“ಹಾಗಾದ್ರೆ ಅಲ್ಲಿ ಹೋಗಿ ಬಿಚ್ಚಿ ಹೊಲಿ.”

ಮೂವರೂ ನಕ್ಕೆವು. ಆ ದಿನ ನಾವು ಒಟ್ಟಿಗೆ ನಕ್ಕದ್ದು ಅದೇ ಕೊನೆ.

ಅಂಗಿ ಗಾಜಿನೊಳಗೆ ದೀಪದ ಕೆಳಗೆ ನಿಂತಿತ್ತು, ಕಸೆಗಳು ಎಡಕ್ಕೆ ಕಟ್ಟಿದ್ದವು. ಪಕ್ಕದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಒಂದು ವಾಕ್ಯವಿತ್ತು. ಕನ್ನಡದಲ್ಲಿ ಹೇಳುವುದಾದರೆ: ‘ಹೊಲಿಗೆ ಉದ್ದವಾಗುವ ಜಾಗದಲ್ಲಿ ಒಂದು ಕೈಯ ದಣಿವು ಕಾಣುತ್ತದೆ; ಅದು ಮತ್ತೆ ಸಣ್ಣದಾಗುವಲ್ಲಿ ಅದರ ನಾಚಿಕೆ.’ ಅದರ ಕೆಳಗೆ ಕಸೆ ಬದಲಾದ ಕಥೆ. ಅದರ ಕೆಳಗೆ ‘ನಮ್ಮ ಸಂಶೋಧನಾ ತಂಡದ ಶೋಧ’. ಕೃತಜ್ಞತೆಯ ಪಟ್ಟಿಯಲ್ಲಿ ದಾನಿಗಳು, ಸಲಹಾ ಸಮಿತಿ, ನಾನು.

ಆಂಟಿ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದುತ್ತಿದ್ದರು. ಬೆರಳನ್ನು ಗೋಡೆಗೆ ತಾಗಿಸದೆ, ಅರ್ಧ ಇಂಚು ದೂರದಲ್ಲಿ ಓಡಿಸುತ್ತ ಮೇಲಿನಿಂದ ಕೆಳಗಿನವರೆಗೆ ಓದಿದರು. ಮತ್ತೊಮ್ಮೆ ಓದಿದರು.

“ಇದು ನಾ ಅಂದದ್ದಲ್ಲೇನ?”

“ಹೌದು ಆಂಟಿ.”

“ನಿನ್ನ ಹೆಸರೈತಿ. ಛಲೋ ಆತು.” ಇನ್ನೂ ಹುಡುಕುತ್ತಿದ್ದರು. “ಅಂವಂದೂ ಇಲ್ಲಲ್ಲ. ಸಿಂಪಿಗಂದು.”

ಆಗಲೇ ಸಲಹಾ ಸಮಿತಿಯ ಸದಸ್ಯೆಯೊಬ್ಬರು ಅತ್ತ ಬಂದರು. ಬೆಂಗಳೂರಿನವರು, ಇಲ್ಲಿ ನೆಲೆಸಿ ಬಹಳ ಕಾಲವಾದವರು. “ಓಹ್, ಬ್ಲೌಸ್ ಆಂಟಿ! ನೀವೂ ಬಂದ್ರಾ? ಸೋ ಸ್ವೀಟ್! ಇದು ಸ್ವಲ್ಪ ಬೋರ್ ಆಗ್ಬಹುದು ನಿಮಗೆ, ಎಲ್ಲಾ ಹಿಸ್ಟರಿ. ಆದ್ರೆ ಈ ಲೇಬಲ್ ಓದಿಸ್ಕೊಳ್ಳಿ, ಬ್ಯೂಟಿಫುಲ್ ಆಗಿ ಬರ್ದಿದ್ದಾರೆ” ಎಂದರು. ಅವರು ತೊಟ್ಟಿದ್ದ ಹಸಿರು ಬ್ಲೌಸಿಗೆ ಹಿಂದಿನ ವಾರವಷ್ಟೇ ಆಂಟಿ ತೋಳು ಹಿಗ್ಗಿಸಿಕೊಟ್ಟಿದ್ದರು. ಆಂಟಿ ಅದನ್ನು ಒಮ್ಮೆ ನೋಡಿ, “ಕೈ ಎತ್ತಾಕ ಬರತೈತೇನ್ರಿ ಈಗ?” ಎಂದು ಕೇಳಿದರು. ಅಷ್ಟೇ.

ನಾನು ಸದಸ್ಯೆಯನ್ನು ಪಕ್ಕಕ್ಕೆ ಕರೆದು ವಿಷಯ ಹೇಳಿದೆ. “ಅಯ್ಯೋ, ಹೌದಾ? ಈಗ ಪ್ರಿಂಟ್ ಆಗೋಗಿದೆ ಅಲ್ವಾ? ಈವತ್ತು ಇಶ್ಯೂ ಮಾಡೋದು ಬೇಡ. ಅವ್ರೇನು ಮೈಂಡ್ ಮಾಡಲ್ಲ ಬಿಡಿ, ತುಂಬಾ ಸಿಂಪಲ್” ಎಂದರು.

ಆ ಹೊತ್ತಿಗೆ ಆಂಟಿ ಮೂಲೆಯ ಬೆಂಚಿನ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಕುಳಿತೆ. “ಕಾಲು ಸೋತಾವ ತಂಗಿ,” ಎಂದರು. ನಂತರ, “ನಂದು ಬಿಡು. ಅಂವಂದಾದ್ರೂ ಬರೀಬೇಕಿತ್ತು. ಹೆಸರು ಗೊತ್ತಿಲ್ಲಂದ್ರ ಒಬ್ಬ ಸಿಂಪಿಗ ಇದ್ದ ಅಂತಾದ್ರೂ ಬರೀಬೇಕಿತ್ತು. ಅಂಗಿ ತಾನೇ ಹೊಲಕೊಂಡಂಗ ಬರದಾರಲ್ಲ” ಎಂದರು.

‘ನಂದು ಬಿಡು’ ಎಂಬ ಮಾತನ್ನು ನಾನು ನಂಬಲಿಲ್ಲ. ನೀವೂ ನಂಬಬೇಡಿ. ರೈಲಿನಲ್ಲಿ ಇಡೀ ದಾರಿ ತಮ್ಮ ಹೆಸರಿನ ಅಕ್ಷರಗಳನ್ನು ಎಣಿಸಿದ ಮನುಷ್ಯರು ಹಿಂತಿರುಗುವಾಗ ಆಡುವ ಮಾತು ಅದು. ಅದಕ್ಕೆ ಸರಳತೆ ಎಂದು ಹೆಸರಿಟ್ಟರೆ ನಮಗೆ ಅನುಕೂಲ, ಅಷ್ಟೇ.

ಆ ವಾರವೇ ನಾನು ಮೊದಲ ಪತ್ರ ಬರೆದೆ. ಮಾತು ಕೊಟ್ಟಿದ್ದ ಕ್ಯುರೇಟರ್ ಬೇರೆ ಊರಿನ ಕೆಲಸಕ್ಕೆ ಹೋಗಿದ್ದರು. ಉತ್ತರ ಪ್ರದರ್ಶನ ವಿಭಾಗದಿಂದ ಬಂತು: ನಿಮ್ಮ ಆಸಕ್ತಿಗೆ ಧನ್ಯವಾದಗಳು. ಎರಡನೆಯ ಪತ್ರಕ್ಕೆ, ವಿಷಯ ಪರಿಶೀಲನೆಯಲ್ಲಿದೆ. ಮೂರನೆಯದಕ್ಕೆ ಉತ್ತರವಿಲ್ಲ. ನಾಲ್ಕನೆಯದಕ್ಕೆ ಬಂದ ಉತ್ತರವನ್ನು ನಾನು ಮತ್ತೆ ಮತ್ತೆ ಓದಿದ್ದೇನೆ: ಮಾಹಿತಿದಾರರ ಹೆಸರನ್ನು ಫಲಕದಲ್ಲಿ ನಮೂದಿಸುವ ರೂಢಿ ನಮ್ಮಲ್ಲಿಲ್ಲ. ಸದರಿ ವ್ಯಕ್ತಿಯನ್ನು ‘ಸಮುದಾಯದ ಮಾಹಿತಿದಾರರು’ ಎಂದು ವರ್ಗೀಕರಿಸಿದವರು ತಾವೇ ಎಂಬುದನ್ನು ತಮ್ಮ ಗಮನಕ್ಕೆ ತರುತ್ತೇವೆ. ಕೆಳಗೆ ಸಹಿಯಿರಲಿಲ್ಲ, ವಿಭಾಗದ ಹೆಸರಷ್ಟೇ ಇತ್ತು.

ಆ ಪತ್ರವನ್ನು ಹಿಡಿದು ಅಂಗಡಿಗೆ ಹೋದೆ. ಒಪ್ಪಿಕೊಳ್ಳದೆ ದಾರಿಯಿರಲಿಲ್ಲ. “ಆಂಟಿ, ತಪ್ಪು ನಂದು. ಫಾರ್ಮ್‌ನಲ್ಲಿ ನಾನೇ ನಿಮ್ಮ ಹೆಸರು ಬರೆಯಲಿಲ್ಲ,” ಎಂದೆ.

ಅವರು ಯಂತ್ರವನ್ನು ನಿಲ್ಲಿಸಿದರು. ಬೈಯುತ್ತಾರೆಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿದ್ದೆ.

“ತಪ್ಪು ಹೊಲಿದ್ರ ಏನ್ ಮಾಡ್ತಾರ?” ಎಂದು ಕೇಳಿದರು.

“ಬಿಚ್ತಾರೆ.”

“ಅಳಕೋತ ಬಿಚ್ಚಿದ್ರ ಬಟ್ಟಿ ಹರೀತೈತಿ. ಕಣ್ಣು ಒರಸ್ಕೊ. ಆಮ್ಯಾಲ ಬಿಚ್ಚು.”

ಐದನೆಯ ಪತ್ರದೊಡನೆ ನಾನು ವರದಿಗೆ ತಿದ್ದುಪಡಿ ಸಲ್ಲಿಸಿದೆ. ಅರ್ಹತೆಯ ಅಂಕಣದಲ್ಲಿ ‘ಹೊಲಿಗೆಯವರು, ನಲವತ್ತು ವರ್ಷ’ ಎಂದು ಬರೆದೆ. ಸಂಸ್ಥೆಯ ಅಂಕಣದಲ್ಲಿ ಡ್ರೈಕ್ಲೀನಿಂಗ್ ಅಂಗಡಿಯ ಹೆಸರು ಬರೆದೆ. ಹೆಸರಿನ ಅಂಕಣದಲ್ಲಿ ಹೆಸರು ಬರೆದೆ. ಅದನ್ನು ಸ್ವೀಕರಿಸಿದ್ದಕ್ಕೆ ಇಂದಿಗೂ ನನ್ನಲ್ಲಿ ದಾಖಲೆಯಿಲ್ಲ.

ಕಳೆದ ಚಳಿಗಾಲದ ಕೊನೆಯಲ್ಲಿ ಆಂಟಿ ತೀರಿಕೊಂಡರು. ಬೆಳಿಗ್ಗೆ ಅಂಗಡಿಗೆ ಹೊರಡಲು ಕೋಟು ತೊಡುವಾಗ ಎದೆ ಹಿಡಿದುಕೊಂಡರಂತೆ. ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಮಗಳು ಫೋನು ಮಾಡಿ, “ಅಮ್ಮ ಹೋಗ್ಬಿಟ್ರು” ಎಂದಳು.

ಹದಿನೈದು ದಿನಗಳ ನಂತರ ನಾವಿಬ್ಬರೂ ಅಂಗಡಿಯಲ್ಲಿ ಉಳಿದಿದ್ದ ಬಟ್ಟೆಗಳನ್ನು ವಿಂಗಡಿಸಿದೆವು. ಒಂದೊಂದಕ್ಕೂ ಚೀಟಿಯಿತ್ತು. ಅಂಗಡಿಯೊಡತಿ ಕೊರಿಯನ್ ಮಹಿಳೆ ಚೀಟಿಗಳನ್ನು ಮುಟ್ಟಗೊಟ್ಟಿರಲಿಲ್ಲ. ಅವರಿಗೆ ಓದಲು ಬರದಿದ್ದರೂ ಅದು ಬೇರೆಯವರು ಓದುವಂಥದ್ದಲ್ಲ ಎಂದು ಗೊತ್ತಿತ್ತು. ಮಗಳೂ ಓದಲಿಲ್ಲ. ಒಂದೊಂದನ್ನೇ ಬಿಡಿಸಿ, ಮಡಚಿ, ತಾಯಿಯ ಕೋಟಿನ ಕಿಸೆಗೆ ಹಾಕಿದಳು. ಬಟ್ಟೆಗಳನ್ನು ನಾವು ಅಂಗಡಿಯ ರಸೀದಿ ನೋಡಿ ಅವರವರಿಗೆ ತಲುಪಿಸಿದೆವು. ಅರ್ಧಕ್ಕೆ ನಿಂತವನ್ನು ಹಾಗೆಯೇ ಕೊಟ್ಟೆವು. ಅಟ್ಲಾಂಟಾದ ಒಬ್ಬಾಕೆ ಪಾರ್ಸೆಲ್ ತಲುಪಿದ ಮೇಲೆ ಫೋನು ಮಾಡಿ ಅತ್ತಳು. “ನಂಗೆ ಅವ್ರ ಹೆಸ್ರೇ ಗೊತ್ತಿಲ್ಲ ಕಣ್ರೀ. ಆರು ವರ್ಷ ಆಂಟಿ ಆಂಟಿ ಅಂತಿದ್ದೆ. ಈಗ ದೀಪ ಹಚ್ಚಿ ಯಾರು ಅಂತ ಹೇಳ್ಲಿ?” ಎಂದಳು. ನಾನು ಅವಳಿಗೆ ಹೆಸರು ಹೇಳಿದೆ.

ನನ್ನ 350 ಪುಟಗಳ ಪ್ರಬಂಧ ಈಗ ಮುಗಿದಿದೆ. ಅದರ ನಡುವಿನ ಅಧ್ಯಾಯ ಪೂರ್ತಿ ಅವರದು. ಮೊದಲ ವಾಕ್ಯದಲ್ಲಿಯೇ ಅದನ್ನು ಹೇಳಿದ್ದೇನೆ. ಅದರಿಂದ ನನ್ನ ಹೊರೆ ಇಳಿದಿಲ್ಲ. ಪ್ರಬಂಧವನ್ನು ಓದುವವರು ಐದಾರು ಮಂದಿ. ಗೋಡೆಯನ್ನು ಓದುವವರು ಲೆಕ್ಕವಿಲ್ಲದಷ್ಟು.

ಪ್ರದರ್ಶನ ಈಗ ಅಟ್ಲಾಂಟಾಕ್ಕೆ ಹೊರಟಿದೆ, ಅಲ್ಲಿಂದ ಷಾರ್ಲಟ್‌ಗೆ. ಎರಡೂ ಕಡೆ ಫಲಕಗಳನ್ನು ಹೊಸದಾಗಿ ಮುದ್ರಿಸಲಾಗುತ್ತದೆ ಎಂದು ನಿಮ್ಮದೇ ಪ್ರಕಟಣೆ ತಿಳಿಸಿದೆ. ಆದುದರಿಂದ ‘ಮುದ್ರಣವಾಗಿಹೋಗಿದೆ’ ಎಂಬ ಸಬೂಬು ಈ ಸಲ ಸಲ್ಲುವುದಿಲ್ಲ.

ಪ್ರದರ್ಶನ ವಿಭಾಗದ ಮುಖ್ಯಸ್ಥರಲ್ಲಿಯೂ ಸಲಹಾ ಸಮಿತಿಯ ಸದಸ್ಯರಲ್ಲಿಯೂ ಈ ಮೂಲಕ ವಿಧಿವತ್ತಾಗಿ ವಿನಂತಿಸುತ್ತೇನೆ. ಕಸೆಯಂಗಿಯ ಫಲಕದಿಂದ ‘ನಮ್ಮ ಸಂಶೋಧನಾ ತಂಡದ ಶೋಧ’ ಎಂಬ ಸಾಲನ್ನು ತೆಗೆದು, ಅದನ್ನು ಕಂಡು ಓದಿ ಹೇಳಿದ ಹೊಲಿಗೆಯವರ ಹೆಸರನ್ನು ಅವರ ಊರು ಮತ್ತು ಕಸುಬಿನೊಡನೆ ನಮೂದಿಸಬೇಕು. ಜಾಗವಿದ್ದರೆ ಅವರ ತಂದೆಯ ಹೆಸರನ್ನೂ. ಕೃತಜ್ಞತೆಯ ಪಟ್ಟಿಯಲ್ಲಿ ನನ್ನ ಹೆಸರಿರುವ ಜಾಗವನ್ನು ಅದಕ್ಕಾಗಿ ತೆರವು ಮಾಡಲು ನನ್ನ ಪೂರ್ಣ ಒಪ್ಪಿಗೆಯಿದೆ. ಈ ಅಂಗಿಯನ್ನು ಕತ್ತರಿಸದೆ ಮರುಹೊಲಿದ ಸಿಂಪಿಗನೊಬ್ಬನಿದ್ದನೆಂದೂ ಅವನ ಹೆಸರು ನಮಗೆ ತಿಳಿಯದೆಂದೂ ಒಂದು ವಾಕ್ಯ ಸೇರಿಸಬೇಕು. ಅರ್ಹತೆಯಿಲ್ಲದವರ ಹೆಸರನ್ನು ಸ್ವೀಕರಿಸದ ಆ ನಮೂನೆಯನ್ನು ಬದಲಿಸಬೇಕು. ಇಲ್ಲವಾದರೆ ನನ್ನ ನಂತರ ಬರುವ ಸಹಾಯಕಿಯೂ ನಾನು ಮಾಡಿದ್ದನ್ನೇ ಮಾಡುತ್ತಾಳೆ.

ಅವರ ಹೆಸರನ್ನು ಈ ಬರಹದಲ್ಲಿ ನಾನು ಎಲ್ಲಿಯೂ ಬರೆದಿಲ್ಲ. ಅದು ಮೊದಲು ಕಾಣಬೇಕಾದದ್ದು ನೀವು ಮಾತು ಕೊಟ್ಟ ಗೋಡೆಯ ಮೇಲೆ. ಅವರ ಮಗಳ ಇಚ್ಛೆಯೂ ಅದೇ. ನಿಮಗೆ ಪ್ರತ್ಯೇಕವಾಗಿ ಕಳಿಸಿರುವ ಪತ್ರದೊಡನೆ, ಅವರೇ ಬರೆದುಕೊಟ್ಟ ಕಾಗದದ ಪ್ರತಿಯನ್ನು ಲಗತ್ತಿಸಿದ್ದೇನೆ. ಅಟ್ಲಾಂಟಾದ ಫಲಕಗಳು ಮುದ್ರಣಕ್ಕೆ ಹೋಗುವ ಮೊದಲು ಇದಕ್ಕೆ ಲಿಖಿತ ಉತ್ತರವನ್ನು ನಿರೀಕ್ಷಿಸುತ್ತೇನೆ. ಒಪ್ಪಿಗೆಯಿದ್ದರೆ ಒಪ್ಪಿಗೆಯೆಂದು, ಇಲ್ಲವಾದರೆ ಯಾಕೆ ಇಲ್ಲವೆಂದು ಬರೆಯಿರಿ. ಯಾರು ಬರೆಯುತ್ತೀರೋ ಅವರು ದಯವಿಟ್ಟು ಕೆಳಗೆ ತಮ್ಮ ಹೆಸರು ಹಾಕಿ.